ಮಂಗಳೂರಿಗೆ ವಿಮಾನ ಹತ್ತುವ ಮುನ್ನ

ಬೆಂಗಳೂರು–ಮಂಗಳೂರು ನಡುವೆ ರಸ್ತೆಯಲ್ಲಿ ಸುಮಾರು 350 ಕಿ.ಮೀ., ಆಕಾಶದಲ್ಲಿ 300ರ ಆಸುಪಾಸು. ವಿಮಾನಕ್ಕೆ ಹೆಚ್ಚುಕಡಿಮೆ ಒಂದು ಗಂಟೆಯ ದಾರಿ. ಟಿಕೆಟ್‌ನಲ್ಲಿ ಕಾಣುವ ಆ ಒಂದು ಗಂಟೆಯನ್ನೇ ನಂಬಿ ಹೊರಡಬೇಡಿ. ಜಯನಗರದಿಂದ ದೇವನಹಳ್ಳಿಯ ವಿಮಾನ ನಿಲ್ದಾಣದ ಕಡೆ ಹೊರಟವರಿಗೆ ಹೆಬ್ಬಾಳ ದಾಟುವಷ್ಟರಲ್ಲೇ ಸಾಕುಸಾಕಾಗಿರುತ್ತದೆ. ಬ್ಯಾಗ್ ಒಪ್ಪಿಸುವ ಕೌಂಟರ್ ಮಾತ್ರ ಸಾಮಾನ್ಯವಾಗಿ ವಿಮಾನ ಹೊರಡುವ 60 ನಿಮಿಷ ಮೊದಲೇ ಮುಚ್ಚುತ್ತದೆ.

ಇನ್ನು ಮಳೆಗಾಲ. ಬಜ್ಪೆಯಲ್ಲಿರುವ ಮಂಗಳೂರು ವಿಮಾನ ನಿಲ್ದಾಣದ ರನ್‌ವೇ ಇರುವುದು ಗುಡ್ಡದ ನೆತ್ತಿಯಲ್ಲಿ, ಎರಡೂ ತುದಿಗೆ ಕಣಿವೆ. ಮೋಡ ಕೆಳಗಿಳಿದು ರನ್‌ವೇ ಕಾಣದಾದರೆ ವಿಮಾನ ಮೇಲೆಯೇ ಸುತ್ತುತ್ತದೆ, ಕೆಲವೊಮ್ಮೆ ಬೆಂಗಳೂರಿಗೇ ಮರಳುತ್ತದೆ. ಪೈಲಟ್ ಮಾಡುವುದು ಸರಿಯೇ, ದಯವಿಟ್ಟು ಸಿಬ್ಬಂದಿಯನ್ನು ಬೈಯಬೇಡಿ. ಜೂನ್‌ನಿಂದ ಆಗಸ್ಟ್‌ವರೆಗೆ ತಪ್ಪಿಸಲಾಗದ ಕೆಲಸವಿದ್ದರೆ ಹಿಂದಿನ ದಿನವೇ ಊರು ಸೇರಿಕೊಳ್ಳಿ.