ಮಾತು ಒಂದು, ದನಿ ಹಲವು

ಚಿಕ್ಕಮಗಳೂರು ಜಿಲ್ಲೆಯ ಆಲ್ದೂರು ಕಾಫಿ ತೋಟಗಳ ನಡುವಣ ಊರು. ಬೇಸಿಗೆಯ ಮಳೆ ಬಿದ್ದ ಎಂಟು ಹತ್ತು ದಿನಗಳಲ್ಲಿ ಇಲ್ಲಿನ ಕಾಫಿ ಗಿಡಗಳು ಬೆಳ್ಳಗೆ ಅರಳುತ್ತವೆ. ಅರಳಿದುದನ್ನು ಕನ್ನಡಿಗರು 'ಹೂ' ಎನ್ನುತ್ತಾರೆ. ತುಳುವರೂ ತಮಿಳರೂ 'ಪೂ' ಎನ್ನುತ್ತಾರೆ. ಕನ್ನಡದ ಆಡುಮಾತಿನಲ್ಲಿಯೇ ಕೆಲವರು 'ಊ' ಎನ್ನುವುದುಂಟು. ಘಟ್ಟದ ಕೆಳಗಿನಿಂದಲೂ ತಮಿಳುನಾಡಿನಿಂದಲೂ ದುಡಿಯಲು ಬಂದವರು ನೆಲೆಸಿರುವ ಈ ಸೀಮೆಯಲ್ಲಿ ಇಂತಹ ಭೇದಗಳು ದಿನವೂ ಕಿವಿಗೆ ಬೀಳುತ್ತವೆ.

ಇವುಗಳಲ್ಲಿ ಯಾವುದು ತಪ್ಪು? ಹಳಗನ್ನಡದ 'ಪೂ', 'ಪಾಲ್', 'ಪೆಸರ್' ಎಂಬ ಮಾತುಗಳೇ ಮುಂದೆ 'ಹೂ', 'ಹಾಲು', 'ಹೆಸರು' ಆದವು. ಪಕಾರವು ಹಕಾರವಾಯಿತು; ಆ ಹಕಾರವೂ ಕೆಲವರ ಬಾಯಲ್ಲಿ ಸವೆದುಹೋಯಿತು. ಆದ್ದರಿಂದ 'ಊ' ಎಂಬುದು ಅಜ್ಞಾನದ ಗುರುತಲ್ಲ. ಭಾಷೆ ನಡೆದ ದಾರಿಯ ಇನ್ನೊಂದು ಹೆಜ್ಜೆ.

ಆದರೂ ಉಚ್ಚಾರಣೆಯ ಭೇದದಿಂದ ತೊಡಕುಂಟಾಗದೆ ಇರದು. 'ಹಾಡು' ಎಂದದ್ದು 'ಆಡು' ಎಂದು ಕೇಳಿಸಿದರೆ ಅರ್ಥವೇ ಬೇರೆ. ತಮಿಳು ಲಿಪಿಯಲ್ಲಿ ಕಕಾರ ಗಕಾರಗಳಿಗೆ ಒಂದೇ ಅಕ್ಷರ. ಪದದ ಮೊದಲಲ್ಲಿ ಅದು ಸಾಮಾನ್ಯವಾಗಿ ಕಕಾರವೇ. ಹೀಗಾಗಿ ಹೊಸದಾಗಿ ಕನ್ನಡ ಕಲಿತ ತಮಿಳರ ಬಾಯಲ್ಲಿ 'ಗಿಡ' 'ಕಿಡ' ಆಗಬಹುದು. ಆದರೆ 'ಕಿಡಕ್ಕೆ ನೀರು ಹಾಕಿದೆ' ಎಂದರೆ ತೋಟದ ಮೇಸ್ತ್ರಿಗೆ ಸಂದೇಹ ಉಳಿಯದು. ಒಂದು ಪದ ಮಸುಕಾದರೂ ಸುತ್ತಲಿನ ಮಾತು ಅದರ ಅರ್ಥವನ್ನು ಬೆಳಗುತ್ತದೆ.

ಒಂದೇ ಭಾಷೆಯವರಲ್ಲಿಯೂ ದನಿ ಒಂದೇ ಅಲ್ಲ. 1952ರಲ್ಲಿ ಅಮೆರಿಕದ ಪೀಟರ್ಸನ್ ಮತ್ತು ಬಾರ್ನಿ ಎಂಬ ವಿಜ್ಞಾನಿಗಳು ಗಂಡಸರು, ಹೆಂಗಸರು, ಮಕ್ಕಳು ಸೇರಿ 76 ಜನರ ಸ್ವರೋಚ್ಚಾರಣೆಯನ್ನು ಅಳೆದರು. ಒಂದೇ ಸ್ವರದ ಅಳತೆ ಒಬ್ಬೊಬ್ಬರಲ್ಲಿ ಒಂದೊಂದು ಬಗೆಯಾಗಿತ್ತು. ಆದರೂ ಕೇಳಿದವರು ಬಹುಪಾಲು ಪದಗಳನ್ನು ಸರಿಯಾಗಿಯೇ ಗುರುತಿಸಿದರು. 1957ರಲ್ಲಿ ಬ್ರಿಟನ್ನಿನ ಲ್ಯಾಡಿಫೋಗೆಡ್ ಮತ್ತು ಬ್ರಾಡ್‌ಬೆಂಟ್ ಇನ್ನೊಂದು ಸಂಗತಿಯನ್ನು ತೋರಿಸಿದರು: ಮುಂಚೆ ಬರುವ ವಾಕ್ಯದ ದನಿಯನ್ನು ಮಾರ್ಪಡಿಸಿದರೆ, ಅನಂತರ ಬರುವ ಅದೇ ಪದ ಬೇರೆ ಪದವಾಗಿ ಕೇಳಿಸಬಲ್ಲುದು. ಎಂದರೆ ಕಿವಿಯು ಆಡುವವರ ದನಿಯ ಅಳತೆಯನ್ನು ಹಿಡಿದು, ಆ ಅಳತೆಯಿಂದಲೇ ಪದವನ್ನು ತೂಗುತ್ತದೆ. ಪರಿಚಯವಿಲ್ಲದ ಉಚ್ಚಾರಣೆಯೂ ಸ್ವಲ್ಪ ಹೊತ್ತು ಗಮನವಿಟ್ಟು ಕೇಳಿದರೆ ಸುಲಭವಾಗುವುದು ಇದರಿಂದಲೇ.

ಹೀಗೆ ಮಾತಿನ ಅರ್ಧ ಹೊಣೆ ಆಡುವವರದಾದರೆ ಉಳಿದರ್ಧ ಕೇಳುವವರದು. ಇಂದು ಅಸ್ಸಾಮಿನಂತಹ ದೂರದ ನಾಡುಗಳಿಂದಲೂ ಜನ ಈ ತೋಟಗಳಿಗೆ ಬರುತ್ತಾರೆ. ಉಚ್ಚಾರಣೆಗಾಗಿ ನಗೆಗೀಡಾದ ಮಗು ತರಗತಿಯಲ್ಲಿ ಬಾಯಿ ತೆರೆಯಲು ಅಂಜುತ್ತದೆ; ಅಂಜಿ ಮೌನವಾದ ರೋಗಿಯ ನೋವನ್ನು ವೈದ್ಯರೂ ಅರಿಯಲಾರರು. ನಗುವ ಮುನ್ನ ಇನ್ನೊಮ್ಮೆ ಕೇಳುವುದು ಜಾಣತನವೂ ಹೌದು, ಸೌಜನ್ಯವೂ ಹೌದು.

ಅಭ್ಯಾಸ

1. 'ಊ' ಎಂಬ ಉಚ್ಚಾರಣೆ ಅಜ್ಞಾನದ ಗುರುತಲ್ಲವೇಕೆ?
2. ನಿಮ್ಮ ಊರಿನಲ್ಲಿ ಬೇರೆ ಬೇರೆಯಾಗಿ ಉಚ್ಚರಿಸುವ ಐದು ಪದಗಳನ್ನು ಸಂಗ್ರಹಿಸಿರಿ.