ಪಾಪ್ ಶಿಲ್ಪ: ಲಂಡನ್‌ನಲ್ಲಿ ಕಲಿತು ವಿಶಾಖಪಟ್ಟಣದಲ್ಲಿ ಬೆಳೆದ ರವೀಂದರ್ ರೆಡ್ಡಿ (ಮುಖ್ಯಾಂಶಗಳು)

ಯಾರು? ಜಿ. ರವೀಂದರ್ ರೆಡ್ಡಿ. ಜನನ 1956, ಇಂದಿನ ತೆಲಂಗಾಣದ ಸೂರ್ಯಾಪೇಟ. ಬಣ್ಣ ಬಳಿದ, ಚಿನ್ನದ ರೇಕು ಹೊದಿಸಿದ ಹೆಣ್ಣುಮುಖಗಳ ಭಾರೀ ಶಿಲ್ಪಗಳಿಂದ ಹೆಸರಾದವರು. ಭಾರತದ ಪಾಪ್ ಕಲೆಯ ಮಾತು ಬಂದಾಗ ಶಿಲ್ಪದ ಪಾಲಿಗೆ ಮೊದಲು ನೆನಪಾಗುವ ಹೆಸರು.

ಓದು, ಕೆಲಸ. ಬರೋಡದ ಎಂ.ಎಸ್. ವಿಶ್ವವಿದ್ಯಾಲಯದಲ್ಲಿ ಶಿಲ್ಪಕಲೆ (ಬಿ.ಎ. 1980, ಎಂ.ಎ. 1982). ನಂತರ ಲಂಡನ್: 1983ರಲ್ಲಿ ಗೋಲ್ಡ್‌ಸ್ಮಿತ್ಸ್, 1984ರಲ್ಲಿ ರಾಯಲ್ ಕಾಲೇಜ್ ಆಫ್ ಆರ್ಟ್. ಅಲ್ಲಿಂದ ಬಂದು 1990ರವರೆಗೆ ಅಹಮದಾಬಾದಿನ ಕನೋರಿಯಾ ಕಲಾಕೇಂದ್ರ. ಆಮೇಲೆ ವಿಶಾಖಪಟ್ಟಣದ ಆಂಧ್ರ ವಿಶ್ವವಿದ್ಯಾಲಯದಲ್ಲಿ ಲಲಿತಕಲೆಯ ಅಧ್ಯಾಪಕ. ಆ ಕಡಲತಡಿಯ ಊರಿನಲ್ಲೇ ನೆಲೆ.

ಆಂಧ್ರ ವಿಶ್ವವಿದ್ಯಾಲಯ. ಸ್ಥಾಪನೆ 1926. ಶುರುವಾದದ್ದು ವಿಶಾಖಪಟ್ಟಣದಲ್ಲಲ್ಲ, ಬೆಜವಾಡದಲ್ಲಿ, ಅಂದರೆ ಇಂದಿನ ವಿಜಯವಾಡದಲ್ಲಿ; ವಿಶಾಖಪಟ್ಟಣದ ವಾಲ್ಟೇರಿಗೆ ಹೋದದ್ದು 1930ರಲ್ಲಿ. ಮೊದಲ ಕುಲಪತಿ ಕಟ್ಟಮಂಚಿ ರಾಮಲಿಂಗಾ ರೆಡ್ಡಿ ಆ ಹುದ್ದೆಗೂ ಮೊದಲು ನಮ್ಮ ಮೈಸೂರಿನ ಮಹಾರಾಜಾ ಕಾಲೇಜಿನಲ್ಲಿದ್ದವರು. 1931ರಲ್ಲಿ ಆ ಕುರ್ಚಿಗೆ ಬಂದ ಸರ್ವಪಲ್ಲಿ ರಾಧಾಕೃಷ್ಣನ್ ಕೂಡ ಮೈಸೂರಿನಲ್ಲಿ ಪಾಠ ಹೇಳಿದವರೇ.

ಶಿಲ್ಪ ಆಗುವ ಬಗೆ. ಮೊದಲು ಜೇಡಿಮಣ್ಣಿನಲ್ಲಿ ರೂಪ ತಿದ್ದುತ್ತಾರೆ. ಅದರ ಮೇಲೆ ಪ್ಲಾಸ್ಟರ್ ಅಚ್ಚು. ಅಚ್ಚಿನೊಳಗೆ ಪಾಲಿಯೆಸ್ಟರ್ ರಾಳವನ್ನೂ ಗಾಜಿನ ನಾರನ್ನೂ ಪದರ ಪದರವಾಗಿ ಹಾಕಿ ಗಟ್ಟಿ ಮಾಡುತ್ತಾರೆ, ಇದೇ ಫೈಬರ್‌ಗ್ಲಾಸ್. ಕೊನೆಗೆ ಕಾರಿಗೆ ಹೊಡೆಯುವ ಹೊಳಪಿನ ಬಣ್ಣ, ಕೆಲವಕ್ಕೆ ಚಿನ್ನದ ರೇಕು. ಒಳಗೆ ಟೊಳ್ಳಾದ್ದರಿಂದ ಆಳೆತ್ತರದ ತಲೆಯೂ ಕಲ್ಲಿನಷ್ಟು ಭಾರವಲ್ಲ. ವಸ್ತು ಕಾರ್ಖಾನೆಯದು, ಮುಖ ಬೀದಿಯದು, ಕಣ್ಣು ಗುಡಿಯದು: ಪರೀಕ್ಷೆಯಲ್ಲಿ ಐದು ಅಂಕದ ಉತ್ತರಕ್ಕೆ ಬೆನ್ನೆಲುಬು ಇದು.

ಕಣ್ಣು. ರೆಪ್ಪೆ ಬಡಿಯದೆ ಅಗಲವಾಗಿ ತೆರೆದ ಬಿಳಿಗಣ್ಣು. ವಿಗ್ರಹಕ್ಕೆ ನೇತ್ರೋನ್ಮೀಲನ ಮಾಡುವುದನ್ನು ಕಂಡ ನಮ್ಮವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ನಾವು ಶಿಲ್ಪವನ್ನು ನೋಡುವುದಕ್ಕೆ ಮುಂಚೆ ಅದೇ ನಮ್ಮನ್ನು ನೋಡಿರುತ್ತದೆ.

ಮುಡಿ. ಮುಂದಿನಿಂದ ನೋಡಿ ಹೊರಟರೆ ಅರ್ಧ ಶಿಲ್ಪ ತಪ್ಪಿದಂತೆ. ತುರುಬು, ಅದಕ್ಕೆ ಸುತ್ತಿದ ಹೂವು, ಹೆಣೆದ ಜಡೆ ಎಲ್ಲ ಹಿಂದಿವೆ. ಕೃತಿಯ ಹೆಸರುಗಳೂ ನೆರೆಮನೆಯವೇ: ‘ಕೃಷ್ಣವೇಣಿ’, ‘ಅಪ್ಪಲಮ್ಮ’. ವಿಶಾಖಪಟ್ಟಣದ ಸಿಂಹಾಚಲದ ವರಾಹ ನರಸಿಂಹನನ್ನು ಅಲ್ಲಿನ ಜನ ಅಪ್ಪನ್ನ ಎನ್ನುತ್ತಾರೆ. ಉತ್ತರಾಂಧ್ರದಲ್ಲಿ ಅಪ್ಪಲಮ್ಮ, ಅಪ್ಪಲರಾಜು ಎಂಬ ಹೆಸರುಗಳು ಮನೆಮನೆಯಲ್ಲಿ ಸಿಗುವುದು ಅದರಿಂದ.

ಬ್ರಿಟಿಷ್ ಹಿನ್ನೆಲೆ, ಬೇಕಾದಷ್ಟೇ. ಎಡುವಾರ್ಡೊ ಪಾವೊಲೊಟ್ಸಿ (1924–2005) 1947ರ ಕೊಲಾಜ್‌ನಲ್ಲಿ ‘ಪಾಪ್’ ಎಂಬ ಪದವನ್ನೇ ಅಂಟಿಸಿದ್ದರು. ನಿಕೊಲಸ್ ಮನ್ರೊ 1972ರಲ್ಲಿ ಬರ್ಮಿಂಗ್‌ಹ್ಯಾಮ್ ಪೇಟೆಯ ನಡುವೆ 18 ಅಡಿ ಎತ್ತರದ ಫೈಬರ್‌ಗ್ಲಾಸ್ ಕಿಂಗ್ ಕಾಂಗ್ ನಿಲ್ಲಿಸಿದರು. ಅದು ಊರಿಗೆ ಬೇಡವಾಗಿ ಹಳೇ ಕಾರು ಮಾರುವವರ ಕೈ ಸೇರಿತು. ಪಾಪ್ ಕಲೆಗೆ ಇದಕ್ಕಿಂತ ತಕ್ಕ ಗತಿ ಇನ್ನೇನಿದ್ದೀತು! ಆಲನ್ ಜೋನ್ಸ್ (ಜನನ 1937) 1969ರಲ್ಲಿ ಹೆಣ್ಣಿನ ಮೈಯನ್ನು ಕುರ್ಚಿ, ಮೇಜು, ಟೋಪಿ ನೇತುಹಾಕುವ ಗೂಟವಾಗಿಸಿ ಸ್ತ್ರೀವಾದಿಗಳ ಸಿಟ್ಟಿಗೆ ಗುರಿಯಾದರು. ಹೋಲಿಸಿ ಬರೆಯಿರಿ ಎಂಬ ಪ್ರಶ್ನೆ ಬಂದರೆ ಜೋನ್ಸ್ ಮತ್ತು ರೆಡ್ಡಿ ಒಳ್ಳೆಯ ಜೋಡಿ. ಇಬ್ಬರದೂ ಫೈಬರ್‌ಗ್ಲಾಸ್, ಇಬ್ಬರದೂ ಬಣ್ಣ ಬಳಿದ ಹೆಣ್ಣು. ಒಬ್ಬರ ಹೆಣ್ಣು ಸಾಮಾನಾದಳು, ಇನ್ನೊಬ್ಬರ ಹೆಣ್ಣಿನ ಎದುರು ನೋಡುವವನೇ ಚಿಕ್ಕವನಾದ. ‘ಬ್ರಿಟಿಷ್ ಪಾಪ್‌ನ ಅನುಕರಣೆ’ ಎಂದು ಬರೆದರೆ ಅಂಕ ಹೋದೀತು. ಬಣ್ಣದ ಗೊಂಬೆ, ಬಣ್ಣದ ದೇವರು ನಮಗೆ ಹೊಸತೇನಲ್ಲ.

ಪ್ರದರ್ಶನ. 1996, ನ್ಯೂಯಾರ್ಕಿನ ಏಷ್ಯಾ ಸೊಸೈಟಿಯ ‘ಟ್ರೆಡಿಷನ್ಸ್/ಟೆನ್ಷನ್ಸ್’. ಅದೇ ಪ್ರದರ್ಶನದಲ್ಲಿ ಭದ್ರಾವತಿಯಲ್ಲಿ ಹುಟ್ಟಿದ ಕಲಾವಿದೆ ಶೀಲಾ ಗೌಡ ಕೂಡ ಇದ್ದರು. 2001, ಪಿಟ್ಸ್‌ಬರ್ಗಿನ ಆಂಡಿ ವಾರ್ಹೋಲ್ ಮ್ಯೂಸಿಯಂ.

ಆಸುಪಾಸಿನ ಗೊಂಬೆಗಳು. ವಿಜಯವಾಡದ ಹತ್ತಿರ ಕೊಂಡಪಲ್ಲಿ: ‘ತೆಲ್ಲ ಪೊನಿಕಿ’ ಎಂಬ ಹಗುರ ಮರ, ಮೇಲೆ ಬಣ್ಣ, ನಮ್ಮ ಕಿನ್ನಾಳದ ಗೊಂಬೆಗೆ ಹತ್ತಿರದ ನಂಟು. ವಿಶಾಖಪಟ್ಟಣದ ಕಡೆ ಏಟಿಕೊಪ್ಪಾಕ (ಈಗ ಅನಕಾಪಲ್ಲಿ ಜಿಲ್ಲೆ): ಅಂಕುಡು ಮರ, ಅರಗಿನ ಬಣ್ಣ, ಚನ್ನಪಟ್ಟಣದ ಕಸುಬನ್ನೇ ಹೋಲುತ್ತದೆ. ಏಟಿಕೊಪ್ಪಾಕದ ಸಿ.ವಿ. ರಾಜು ಅವರಿಗೆ 2023ರಲ್ಲಿ ಪದ್ಮಶ್ರೀ.

ಗೊಂದಲವಾಗುವ ಅಂಕಿಗಳು. ವಿಜಯವಾಡದ ಸ್ವರಾಜ್ ಮೈದಾನದ ಅಂಬೇಡ್ಕರ್ ಪ್ರತಿಮೆ: ಅನಾವರಣ 19 ಜನವರಿ 2024, ಪೀಠ 81 ಅಡಿ, ಪ್ರತಿಮೆ 125 ಅಡಿ, ಒಟ್ಟು 206. ಹೈದರಾಬಾದಿನದು 14 ಏಪ್ರಿಲ್ 2023. ಪ್ರತಿಮೆ ಇಲ್ಲೂ 125 ಅಡಿ, ಪೀಠ 50, ಒಟ್ಟು 175. ಹೈದರಾಬಾದಿನದರ ಶಿಲ್ಪಿ ರಾಮ್ ಸುತಾರ್. ಇವು ಸ್ಮಾರಕ ಶಿಲ್ಪಗಳು. ಎತ್ತರ ನೋಡಿ ಪಾಪ್ ಪಟ್ಟಿಗೆ ಸೇರಿಸಬೇಡಿ.