ಉಳಿದ ಆಮ್ಲದ ಲೆಕ್ಕ

ಬಿ.ಎಸ್ಸಿ. ಮೊದಲ ವರ್ಷದ ಲ್ಯಾಬಿಗೆ ಕಾಲಿಟ್ಟಿರುವ ಮಗುವಿಗೆ,

ಬ್ಯಾಕ್ ಟೈಟ್ರೇಶನ್ ಎಂದೊಡನೆ ಸೂತ್ರ ಹುಡುಕುವವರೇ ಹೆಚ್ಚು. ನೀನು ಸೂತ್ರವನ್ನು ಪಕ್ಕಕ್ಕಿಟ್ಟು, ಬ್ಯುರೆಟ್ಟಿನ ರೀಡಿಂಗ್ ಯಾವುದರ ಅಳತೆ ಎಂದು ಮೊದಲು ಕೇಳಿಕೋ. ನೀನು ಹುಡುಕುತ್ತಿರುವ ವಸ್ತುವಿನದಲ್ಲ. ಆ ವಸ್ತು ತನಗೆ ಬೇಕಾದಷ್ಟು ಆಮ್ಲವನ್ನು ಬಳಸಿಕೊಂಡ ಮೇಲೆ ಮಿಕ್ಕ ಆಮ್ಲದ್ದು.

ಮೊಟ್ಟೆಚಿಪ್ಪಿನಲ್ಲಿ ಕ್ಯಾಲ್ಸಿಯಂ ಕಾರ್ಬೊನೇಟ್ ಎಷ್ಟಿದೆ ಎಂದು ನೋಡಬೇಕು ಅಂತಿಟ್ಟುಕೋ. ಅದು ನೀರಿನಲ್ಲಿ ಕರಗುವುದಿಲ್ಲ. ನೇರವಾಗಿ ಆಮ್ಲವನ್ನು ಹನಿಹನಿಯಾಗಿ ಬಿಟ್ಟರೆ, ಬಣ್ಣ ತಿರುಗಿತು ಎನ್ನುವಷ್ಟರಲ್ಲಿ ತಳದ ಪುಡಿ ಇನ್ನಷ್ಟು ಕರಗಿ ಬಣ್ಣ ಮತ್ತೆ ಹಿಂದಕ್ಕೆ ಹೋಗುತ್ತದೆ. ಅದಕ್ಕೇ ಆಮ್ಲವನ್ನು ಬೇಕಾದ್ದಕ್ಕಿಂತ ಹೆಚ್ಚಾಗಿಯೇ, ಆದರೆ ಅಳೆದು, ಒಮ್ಮೆಲೇ ಹಾಕಿಬಿಡುವುದು.

ಒಳಪೊರೆ ಬಿಡಿಸಿ ಒಣಗಿಸಿ ಪುಡಿಮಾಡಿದ ಚಿಪ್ಪು 0.500 ಗ್ರಾಂ ತೂಗು. ಅದಕ್ಕೆ 0.250 ಮೋಲಾರ್ ಹೈಡ್ರೋಕ್ಲೋರಿಕ್ ಆಮ್ಲ 50.0 ಮಿ.ಲೀ. ಪಿಪೆಟ್ಟಿನಿಂದ ಹಾಕು. ನೊರೆ ನಿಂತ ಮೇಲೆ ಸಣ್ಣ ಉರಿಯಲ್ಲಿ ಕುದಿಸಿ, ಆರಲು ಬಿಡು. ಈ ಹಂತ ಬಿಡಬೇಡ. ದ್ರಾವಣದಲ್ಲಿ ಕಾರ್ಬನ್ ಡೈಆಕ್ಸೈಡ್ ಉಳಿದರೆ ಅದೂ ಕ್ಷಾರವನ್ನು ತಿನ್ನುತ್ತದೆ, ರೀಡಿಂಗ್ ಸುಳ್ಳಾಗುತ್ತದೆ. ಆಮೇಲೆ ಎರಡು ಹನಿ ಫಿನಾಲ್ಫ್ಥಲೀನ್. 0.100 ಮೋಲಾರ್ ಸೋಡಿಯಂ ಹೈಡ್ರಾಕ್ಸೈಡ್ 30.0 ಮಿ.ಲೀ. ಇಳಿದಾಗ ತಿಳಿಗುಲಾಬಿ ನಿಂತಿತು ಎನ್ನೋಣ.

ಈಗ ಲೆಕ್ಕ. ಹಾಕಿದ ಆಮ್ಲ 12.5 ಮಿಲಿಮೋಲ್. ಕ್ಷಾರ ಹಿಡಿದುಕೊಟ್ಟದ್ದು, ಅಂದರೆ ಉಳಿದದ್ದು, 3.0. ಚಿಪ್ಪಿಗೆ ಹೋದದ್ದು 9.5. ಒಂದು ಮೋಲ್ ಕಾರ್ಬೊನೇಟಿಗೆ ಎರಡು ಮೋಲ್ ಆಮ್ಲ ಬೇಕು. ಹಾಗಾಗಿ ಕಾರ್ಬೊನೇಟ್ 4.75 ಮಿಲಿಮೋಲ್. ಅದರ ಮೋಲಾರ್ ತೂಕ ಸುಮಾರು 100, ಬಂದದ್ದು 0.475 ಗ್ರಾಂ, ಶೇಕಡಾ 95. ಹಾಕಿದ್ದು, ಉಳಿದದ್ದು, ಬಳಕೆಯಾದದ್ದು: ಈ ಮೂರನ್ನೂ ಬೇರೆಬೇರೆ ಸಾಲಿನಲ್ಲಿ ಬರೆ. ತಪ್ಪುವವರು ಬಹುಪಾಲು 3.0ನ್ನೇ ಚಿಪ್ಪಿನ ಪಾಲೆಂದು ಹಿಡಿದು ತಪ್ಪುತ್ತಾರೆ.

ಇಲ್ಲಿ ರೀಡಿಂಗ್ ಏರಿದಷ್ಟೂ ಕಾರ್ಬೊನೇಟ್ ಕಡಿಮೆ. ಈ ತಿರುವು ಗೊತ್ತಿದ್ದರೆ ದೋಷ ಯಾವ ಕಡೆಗೆ ವಾಲುತ್ತದೆ ಎಂದೂ ಹೇಳಬಲ್ಲೆ. ಕ್ಷಾರದ ಬಾಟಲಿ ಗಾಳಿಗೆ ತೆರೆದಿದ್ದು, ಅದರ ಶಕ್ತಿ ಲೇಬಲ್ಲಿಗಿಂತ ಕಡಿಮೆಯಾಗಿದ್ದರೆ ರೀಡಿಂಗ್ ಹೆಚ್ಚುತ್ತದೆ, ನಿನ್ನ ಚಿಪ್ಪಿನಲ್ಲಿ ಕಾರ್ಬೊನೇಟ್ ಕಡಿಮೆಯಿದ್ದಂತೆ ತೋರುತ್ತದೆ. ಲೇಬಲ್ ನಂಬದೆ ಆಕ್ಸಾಲಿಕ್ ಆಮ್ಲದಿಂದ ಅದನ್ನು ಸ್ಟ್ಯಾಂಡರ್ಡೈಸ್ ಮಾಡಿಕೋ.

ಆಮ್ಲ ಹೆಚ್ಚಿರಬೇಕು ನಿಜ, ಆದರೆ ಸಿಕ್ಕಾಪಟ್ಟೆ ಹೆಚ್ಚಿರಬಾರದು. ಒಂದು ಮೋಲಾರ್ ಆಮ್ಲವನ್ನೇ 50 ಮಿ.ಲೀ. ಸುರಿದರೆ ಉಳಿಯುವುದು 40.5 ಮಿಲಿಮೋಲ್, ಕ್ಷಾರವೂ ಒಂದು ಮೋಲಾರ್ ಇರಬೇಕಾಗುತ್ತದೆ. ಆಗ ಬ್ಯುರೆಟ್ಟಿನಲ್ಲಿ 0.1 ಮಿ.ಲೀ. ತಪ್ಪಿದರೆ ಉತ್ತರ ಶೇಕಡಾ 1ರಷ್ಟು ಕದಲುತ್ತದೆ. ಮೇಲಿನ ಪ್ರಯೋಗದಲ್ಲಿ ಅದೇ ತಪ್ಪಿಗೆ 0.1 ಮಾತ್ರ.

ಕೆಲವರು 'ಕೊನೆಗೆ ಎರಡರಿಂದ ಭಾಗಿಸು' ಎಂದು ಬಾಯಿಪಾಠ ಮಾಡುತ್ತಾರೆ. ಅವರು ಎಡವುವುದು ಜೆಲ್ಡಾಲ್ ವಿಧಾನದಲ್ಲಿ. ಕೋಪನ್‌ಹೇಗನ್ನಿನ ಕಾರ್ಲ್ಸ್‌ಬರ್ಗ್ ಪ್ರಯೋಗಾಲಯದಲ್ಲಿದ್ದ ಯೋಹಾನ್ ಜೆಲ್ಡಾಲ್ ಅದನ್ನು 1883ರಲ್ಲಿ ಪ್ರಕಟಿಸಿದ. ಧಾನ್ಯದ ನೈಟ್ರೋಜನ್ನನ್ನು ಅಮೋನಿಯ ಮಾಡಿ, ಅಳೆದ ಗಂಧಕಾಮ್ಲದೊಳಗೆ ಹಿಡಿದು, ಮಿಕ್ಕ ಆಮ್ಲವನ್ನು ಟೈಟ್ರೇಟ್ ಮಾಡುವ ರೂಪದಲ್ಲಿ ಒಂದು ಮೋಲ್ ಆಮ್ಲಕ್ಕೆ ಎರಡು ಮೋಲ್ ಅಮೋನಿಯ. ಅಲ್ಲಿ ಭಾಗಿಸುವುದಲ್ಲ, ಗುಣಿಸಬೇಕು. ಸಮೀಕರಣ ಬರೆಯದೆ ಗುಣಾಕಾರಕ್ಕಾಗಲಿ ಭಾಗಾಕಾರಕ್ಕಾಗಲಿ ಕೈಹಾಕಬೇಡ.

ಇನ್ನೊಂದು ಮಾತು. ಕ್ಷಾರದ ಮೊದಲ ಹನಿಗೇ ಗುಲಾಬಿ ಬಂದರೆ, ಅಥವಾ ತಳದಲ್ಲಿ ಬಿಳಿ ಪುಡಿ ಇನ್ನೂ ಕಂಡರೆ, ಆಮ್ಲ ಸಾಲಲಿಲ್ಲ ಎಂದರ್ಥ. ಆ ರೀಡಿಂಗ್ ಬಳಸಬೇಡ. ಪುಡಿ ಕಡಿಮೆ ತೂಗಿ ಹೊಸದಾಗಿ ಶುರುಮಾಡು.

ನಿನ್ನ ಹಿತೈಷಿ,
ಒಬ್ಬ ಹಳೆಯ ರಸಾಯನಶಾಸ್ತ್ರದ ಮೇಷ್ಟ್ರು